ಹೇಮಂತದ ಹಕ್ಕಿಗಳೂ ನಿಘಂಟಿನ ಗೂಬೆಯೂ

ಸಂಸ್ಕೃತ ಕೋಶಗಳಲ್ಲಿ ಗೂಬೆಗೆ ಉಲೂಕ, ಘೂಕ, ಕೌಶಿಕ, ವಾಯಸಾರಾತಿ, ದಿವಾಂಧ ಮುಂತಾದ ಪರ್ಯಾಯನಾಮಗಳು ದೊರೆಯುತ್ತವೆ. ಕಾವ್ಯಪಾಠ ಹೇಳುವ ನಾವು ಇವನ್ನು ಹಾಗೆಯೇ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತ ಬಂದಿರುವೆವು. ಈ ಹೆಸರುಗಳಲ್ಲಿ ಕಂಡು ಇಟ್ಟುದು ಎಷ್ಟು, ಕೇಳಿ ಇಟ್ಟುದು ಎಷ್ಟು ಎಂಬುದನ್ನು, ಬೆಂಗಳೂರಿನಲ್ಲಿ ಪಕ್ಷಿವೀಕ್ಷಣೆಯೂ ಪಕ್ಷಿಗಳ ಛಾಯಾಗ್ರಹಣವೂ ಬೆಳೆದುಬಂದ ಚರಿತ್ರೆಯ ನೆರವಿನಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಚಾಮರಾಜಪೇಟೆಯು 1892ರಲ್ಲಿ ಏರ್ಪಟ್ಟಿತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗುಮಾರಿಯ ತರುವಾಯ ತುಂಬಿಕೊಂಡುವು. ಸಾಲುಮರಗಳೂ ವಿಶಾಲವಾದ ಹಿತ್ತಿಲುಗಳೂ ಈ ಬಡಾವಣೆಗಳ ಲಕ್ಷಣವಾಗಿದ್ದುವು. ಮಲ್ಲೇಶ್ವರದ ಮಗ್ಗುಲಲ್ಲಿ 1882ರ ಸ್ಯಾಂಕಿ ಕೆರೆ, ಗವಿಪುರದಲ್ಲಿ ಕೆಂಪಾಂಬುಧಿ, ಬಸವನಗುಡಿಯ ಸಮೀಪದಲ್ಲಿ 1760ರಲ್ಲಿ ಹೈದರಾಲಿಯು ತೊಡಗಿಸಿದ ಲಾಲ್‌ಬಾಗು. ಹೀಗೆ ಮರವೂ ನೀರೂ ಕೂಡಿದ ಎಡೆಗೆ ಆಶ್ವಯುಜ ಕಾರ್ತಿಕಗಳಲ್ಲಿ ಉತ್ತರದ ಅತಿಥಿಗಳು ಬಂದಿಳಿಯುವುದು ಸಹಜವೇ. ಹಿಮಾಲಯದಿಂದಲೂ ಅದರಾಚೆಯಿಂದಲೂ ಬೂದುಸಿಪಿಲೆಯೂ ಹಸುರು ಉಲಿಯಕ್ಕಿಯೂ, ಮಧ್ಯ ಏಷ್ಯದಿಂದ ಗುಲಾಬಿ ಕಬ್ಬಕ್ಕಿಯೂ, ಹಿಮಾಲಯದ ತಪ್ಪಲಿನ ಕಾಡುಗಳಿಂದ ನವರಂಗವೂ ಬರುವುವು. ಸುತ್ತಣ ಕೆರೆಗಳಿಗೆ ಉತ್ತರ ಯೂರೋಪು ಏಷ್ಯಗಳ ಸೂಜಿಬಾಲದ ಬಾತು, ಚಲುಕದ ಬಾತುಗಳು ಬರುವುವು. ಚೈತ್ರ ವೈಶಾಖಗಳ ವೇಳೆಗೆ ಇವುಗಳಲ್ಲಿ ಬಹುಭಾಗ ಹಿಂದಿರುಗಿರುತ್ತವೆ.

ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಕ್ರಮವಾಗಿ ಸಮೀಕ್ಷಿಸಿದವರು ಸಲೀಂ ಅಲಿಯವರು. 1939–40ರಲ್ಲಿ ನಡೆದ ಆ ಕಾರ್ಯದ ಫಲವು 1942–43ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗಿನ ಪದ್ಧತಿಯಂತೆ ಹಕ್ಕಿಯನ್ನು ಹೊಡೆದು ಅದರ ಚರ್ಮವನ್ನು ಸಂಗ್ರಹಿಸುವುದೇ ಪ್ರಮಾಣವಾಗಿದ್ದಿತು. ಕೋವಿಯ ಸ್ಥಾನಕ್ಕೆ ಕ್ರಮೇಣ ದುರ್ಬೀನೂ ಕ್ಯಾಮರವೂ ಬಂದುವು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರೂ ಅವರ ಮಾರ್ಗದರ್ಶನ ಪಡೆದ ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳರು (1932–2017) ಮುಂತಾದವರೂ ಪಕ್ಷಿಚಿತ್ರಣವನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. 1970ರ ದಶಕದಲ್ಲಿ ಜೋಸೆಫ್ ಜಾರ್ಜರೇ ಮೊದಲಾದವರಿಂದ ಪಕ್ಷಿವೀಕ್ಷಕರ ಸಂಘವು ಏರ್ಪಟ್ಟು, ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಕೂಡುವ ವಾಡಿಕೆ ಬೆಳೆಯಿತು. 1994ರಲ್ಲಿ ಬೆಂಗಳೂರಿನ ಪಕ್ಷಿಗಳ ಸಟಿಪ್ಪಣವಾದ ಪಟ್ಟಿಯೂ ಜಾರ್ಜರ ಸಂಪಾದಕತ್ವದಲ್ಲಿ ಹೊರಬಂದಿತು.

ಗೂಬೆಯ ಚಿತ್ರ ತೆಗೆಯುವುದು ಸುಲಭಸಾಧ್ಯವಲ್ಲ. ಆಂಗ್ಲ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗನು 1937ರಲ್ಲಿ ಗೂಬೆಯ ಉಗುರಿನ ಹೊಡೆತದಿಂದ ಎಡಗಣ್ಣನ್ನೇ ಕಳೆದುಕೊಂಡನು. ಆದರೂ ಆತನು ಗೂಬೆಗಳನ್ನು ಬಿಡಲಿಲ್ಲ. ಗೂಡಿನ ಬಳಿ ಮರೆ ಕಟ್ಟಿ ಕಾಯುವುದು ಅಂದಿನವರ ಪದ್ಧತಿ. ಉತ್ತರದ ಅತಿಥಿಗಳು ಇಲ್ಲಿ ಗೂಡು ಕಟ್ಟುವುದಿಲ್ಲವಾದುದರಿಂದ ಆ ಉಪಾಯವು ಅವುಗಳಿಗೆ ಸಲ್ಲದು. ಅವು ಉಣ್ಣುವ, ವಿಶ್ರಮಿಸುವ ಎಡೆಗಳನ್ನು ದಿನದಿನವೂ ನೋಡಿ ಅರಿಯದೆ ಚಿತ್ರವು ದೊರೆಯದು. ಆದುದರಿಂದಲೇ ಹೇಮಂತದ ಛಾಯಾಗ್ರಾಹಕನು ಮೊದಲು ವೀಕ್ಷಕನಾಗಬೇಕಾಗುವುದು.

ಈ ವೀಕ್ಷಣೆಯ ಒರೆಗಲ್ಲಿಗೆ ಈಗ ಕೋಶದ ಹೆಸರುಗಳನ್ನು ತಿಕ್ಕಿ ನೋಡಬಹುದು. ವಾಯಸಾರಾತಿ ಎಂಬುದು ಕಂಡು ಇಟ್ಟ ಹೆಸರು. ಹಗಲು ಗೂಬೆಯು ಕಣ್ಣಿಗೆ ಬಿದ್ದರೆ ಕಾಗೆಗಳು ಗುಂಪುಕೂಡಿ ಅದನ್ನು ಪೀಡಿಸುವುದನ್ನು ಯಾರಾದರೂ ನೋಡಬಹುದು. ಪಂಚತಂತ್ರದ ಕಾಕೋಲೂಕೀಯಕ್ಕೂ, ಇರುಳಿನಲ್ಲಿ ಕಾಗೆಗಳನ್ನು ಕೊಲ್ಲುವ ಗೂಬೆಯನ್ನು ಅಶ್ವತ್ಥಾಮನು ಕಾಣುವ ಸೌಪ್ತಿಕಪರ್ವದ ಪ್ರಸಂಗಕ್ಕೂ ಮೂಲವು ಈ ವೈರವೇ. ದಿವಾಂಧ ಎಂಬುದಾದರೋ ಸಲ್ಲದು. ಗೂಬೆಗೆ ಹಗಲು ಕಣ್ಣು ಕಾಣದೆಂಬುದು ತಪ್ಪು. ಉತ್ತರದಿಂದ ಚಳಿಗಾಲದಲ್ಲಿ ಬರುವ ಮೋಟುಗಿವಿಯ ಗೂಬೆಯು ಹೆಸರಘಟ್ಟದಂತಹ ಹುಲ್ಲುಗಾವಲುಗಳಲ್ಲಿ ನೆಲದ ಮೇಲೆ ತಂಗಿದ್ದು, ಸೂರ್ಯನು ಇನ್ನೂ ಮುಳುಗದಿರುವಾಗಲೇ ಬೇಟೆಗೆ ಹೊರಡುವುದು. ಒಂದೇ ಕೋಶದ ಎರಡು ಹೆಸರುಗಳಲ್ಲಿ ಒಂದು ಅನುಭವ, ಇನ್ನೊಂದು ಊಹೆ.

ಕನ್ನಡವಾದರೋ ಇನ್ನೊಂದು ವಿಚಿತ್ರವನ್ನು ತೋರಿಸುತ್ತದೆ. ಗೂಬೆಯು ನಮ್ಮಲ್ಲಿ ಅಪಶಕುನ. ಪರರ ತಲೆಯ ಮೇಲೆ ತಪ್ಪು ಹೊರಿಸುವುದಕ್ಕೆ ಗೂಬೆ ಕೂರಿಸುವುದು ಎಂದೇ ನುಡಿಗಟ್ಟು. ಹಳೆಯ ಮರಗಳ ಪೊಟರೆಯಲ್ಲಿ ವಾಸಿಸುವ ಹಾಲಕ್ಕಿಯೂ ಗೂಬೆಯ ಜಾತಿಯದೇ. ಆದರೆ ಬುಡಬುಡಿಕೆಯವನು ನಸುಕಿನಲ್ಲಿ ಬಂದು ಅದರ ನುಡಿಯನ್ನು ಶುಭವೆಂದು ಸಾರಿದರೆ ನಾವು ಧಾನ್ಯವನ್ನು ಕೊಟ್ಟು ಕಳುಹಿಸುವೆವು. ಒಂದೇ ಕುಲದ ಎರಡು ಹಕ್ಕಿಗಳಿಗೆ ಎರಡು ವಿಧಿ! ದೋಷವು ಹಕ್ಕಿಯದಲ್ಲ, ನಮ್ಮ ಮಾತಿನದು. ಇದು ವಿನೋದಕ್ಕೆ ಹೇಳಿದುದಲ್ಲ. ಮಾಟಮಂತ್ರಗಳಿಗಾಗಿ, ವಿಶೇಷವಾಗಿ ದೀಪಾವಳಿಯ ಹೊತ್ತಿನಲ್ಲಿ, ದೇಶದಲ್ಲಿ ಗೂಬೆಗಳನ್ನು ಹಿಡಿದು ಮಾರುವುದನ್ನು 2010ರಲ್ಲಿ ಪ್ರಕಟವಾದ ಟ್ರಾಫಿಕ್ ಸಂಸ್ಥೆಯ ವರದಿಯು ಬಯಲಿಗೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಇದನ್ನು ನಿಷೇಧಿಸಿದ್ದರೂ, ಶಾಸನವು ತಲುಪದ ಎಡೆಗೆ ಪಾಠವು ತಲುಪಬಲ್ಲುದು.

ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 1970ರಿಂದ 1995ರ ವರೆಗೆ ಎಂಟು ಸಂಪುಟಗಳಾಗಿ ಹೊರಬಂದು ನಾಡಿಗೆ ಮಹೋಪಕಾರ ಮಾಡಿದೆ. ಆದರೂ ಹಳೆಯ ಕಾವ್ಯಗಳನ್ನು ಓದುವಾಗ ‘ಒಂದು ಜಾತಿಯ ಪಕ್ಷಿ’ ಎಂಬ ಅರ್ಥದಲ್ಲಿಯೇ ನಾವು ಎಷ್ಟೋ ಕಡೆ ತೃಪ್ತರಾಗುವೆವು. ಆ ಜಾತಿ ಯಾವುದೆಂಬುದನ್ನು ಹಳ್ಳಿಯ ಬಾಯಿಮಾತೂ ವೀಕ್ಷಕರ ದಿನಚರಿಯೂ ಚಿತ್ರವೂ ಕೂಡಿದರೆ ನಿರ್ಣಯಿಸಬಹುದು. ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರಗಳನ್ನೂ ತೆಗೆದು, ಅವುಗಳ ವಿಷಯವಾಗಿ ಕನ್ನಡದಲ್ಲಿಯೇ ಬರೆದು, ಈ ಎರಡು ವಿದ್ಯೆಗಳು ಒಬ್ಬರಲ್ಲಿಯೇ ಕೂಡಬಲ್ಲುವೆಂದು ತೋರಿಸಿರುವರು.

ಆದರೆ ಕಾಲವು ನಮಗಾಗಿ ಕಾಯದು. ಧರ್ಮಾಂಬುಧಿಯು ಬಸ್ಸುನಿಲ್ದಾಣವಾಯಿತು, ಸಂಪಂಗಿಕೆರೆಯು ಕ್ರೀಡಾಂಗಣವಾಯಿತು. ಪೊಟರೆಯುಳ್ಳ ಹಳೆಯ ಮರವೊಂದು ಉರುಳಿದರೆ ಹಾಲಕ್ಕಿಯು ಮನೆಯನ್ನು ಕಳೆದುಕೊಳ್ಳುವುದು. ಅದರೊಡನೆ ಒಂದು ಪದವೂ ತನ್ನ ಅರ್ಥವನ್ನು ಕಳೆದುಕೊಳ್ಳುವುದು. ಅರ್ಥವನ್ನು ಬಲ್ಲವರು ಇನ್ನೂ ಇರುವಾಗಲೇ, ನೋಡಬೇಕಾದ ಹಕ್ಕಿಯು ಇನ್ನೂ ಬರುತ್ತಿರುವಾಗಲೇ, ಈ ಕಾರ್ಯಕ್ಕೆ ಕೈಹಾಕಬೇಕೆಂದು ವಿದ್ವಾಂಸರಲ್ಲಿಯೂ ಅಧ್ಯಾಪಕ ಮಿತ್ರರಲ್ಲಿಯೂ ವಿಜ್ಞಾಪಿಸಿಕೊಳ್ಳುತ್ತೇನೆ.