ಕಲ್ಯಾಣದ ಮೇಲೆ ಹಾದ ಗೆರೆ

ಭೂಪಟವನ್ನು ಬಿಡಿಸಿ, ಮುಂಬಯಿಯ ಜುಹೂ ವಿಮಾನ ನಿಲ್ದಾಣದಿಂದ ಹೈದರಾಬಾದಿನ ಬೇಗಂಪೇಟೆಯವರೆಗೆ ಅಡಿಪಟ್ಟಿಯಿಟ್ಟು ಒಂದು ನೇರ ಗೆರೆಯನ್ನೆಳೆದು ನೋಡಿ. ಘಟ್ಟವನ್ನು ದಾಟಿ, ಪುಣೆಯನ್ನು ಬಲಕ್ಕೆ ಬಿಟ್ಟು, ಈಗ ಧಾರಾಶಿವವೆನಿಸಿದ ಉಸ್ಮಾನಾಬಾದಿನ ನೆತ್ತಿಯ ಮೇಲೆ ಹಾದು, ಆ ಗೆರೆಯು ನಮ್ಮ ಬಸವಕಲ್ಯಾಣಕ್ಕೆ ಬರುತ್ತದೆ. ಚಾಲುಕ್ಯರ ಕೋಟೆಗೂ ಗೆರೆಗೂ ನಡುವಿನ ಅಂತರ ಎರಡು ಮೂರು ಮೈಲಿಗಿಂತ ಹೆಚ್ಚಿಲ್ಲ. ಮುಂದೆ ಹುಮನಾಬಾದು, ಚಿಟಗುಪ್ಪ, ಕೊಡಂಬಲಗಳು ಅದರ ಬಲಕ್ಕೆ ಉಳಿಯುತ್ತವೆ, ಬೀದರು ಎಡಕ್ಕೆ. ಕಲ್ಯಾಣವನ್ನು ಸೋಮೇಶ್ವರ, ವಿಕ್ರಮಾದಿತ್ಯರ ರಾಜಧಾನಿಯೆಂದು ಬಲ್ಲೆವು, ಶರಣರ ಊರೆಂದು ಬಲ್ಲೆವು. ಆಕಾಶಮಾರ್ಗದ ಮೈಲಿಗಲ್ಲಾಗಿಯೂ ಅದು ನಿಂತಿದೆಯೆಂಬುದನ್ನು ನಾವು ಅಷ್ಟಾಗಿ ಗಮನಿಸಿದಂತಿಲ್ಲ.

ಈ ಗೆರೆಯ ಉದ್ದ ಸುಮಾರು ೩೮೭ ಮೈಲಿ. ಇಂದು ದೊಡ್ಡ ವಿಮಾನದಲ್ಲಿ ಕುಳಿತವನಿಗೆ ಇದು ಒಂದು ನಿದ್ದೆಗೂ ಸಾಲದ ದೂರ. ಆದರೆ ೧೯೩೦ರ ಸುಮಾರಿನಲ್ಲಿ ಫ್ಲೈಯಿಂಗ್ ಕ್ಲಬ್ಬಿನಿಂದ ಹೊಸದಾಗಿ ಲೈಸೆನ್ಸು ಪಡೆದ ತರುಣನಿಗೆ ಇದು ದೊಡ್ಡ ಲೆಕ್ಕವಾಗಿತ್ತು. ಅವನ ಕೈಗೆ ಸಿಗುತ್ತಿದ್ದುದು ಜಿಪ್ಸಿ ಮಾತ್ ಎಂಬ ಎರಡು ರೆಕ್ಕೆಜೋಡಿಯ, ಮೇಲೆ ಮುಚ್ಚಳವಿಲ್ಲದ, ಇಬ್ಬರು ಕುಳಿತುಕೊಳ್ಳುವ ಪುಟ್ಟ ವಿಮಾನ. ಅದರ ನಡಿಗೆ ಗಂಟೆಗೆ ೮೫ ಮೈಲಿ. ತೊಟ್ಟಿ ತುಂಬ ಪೆಟ್ರೋಲು ಹಾಕಿಕೊಂಡು ಹೊರಟರೆ, ಗಾಳಿಯಿಲ್ಲದ ದಿನ, ಸುಮಾರು ೩೨೦ ಮೈಲಿ ಹೋಗಬಲ್ಲದು. ಎಂದರೆ ಕಲ್ಯಾಣವನ್ನು ದಾಟಿ ಮೂವತ್ತೆಂಟು ಮೈಲಿಯೊಳಗೆ, ಬೇಗಂಪೇಟೆ ಇನ್ನೂ ಅರುವತ್ತೇಳು ಮೈಲಿ ದೂರವಿರುವಾಗ, ಎಂಜಿನ್ನು ನಿಲ್ಲುವುದು. ಹುಮನಾಬಾದು ಸೀಮೆಯ ಎರೆಹೊಲಗಳನ್ನು ಕಂಡವರಿಗೆ ಆಮೇಲಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಕಾಲು ಹೂಳುವಷ್ಟು ಬಿರುಕು. ಮಳೆಗಾಲದಲ್ಲಿ ಬಂಡಿಯ ಗಾಲಿಯೇ ಮೇಲೇಳದು, ವಿಮಾನದ ಚಕ್ರದ ಪಾಡೇನು?

ಆದ್ದರಿಂದ ದೂರದ ಹಾರಾಟವು ಆಕಾಶದಲ್ಲಿ ನಡೆಯುವುದಕ್ಕೆ ಮೊದಲು ಮೇಜಿನ ಮೇಲೆ ನಡೆಯಬೇಕು. ವೈಮಾನಿಕರ ಕಥೆಗಳನ್ನು ಬರೆದವರು ಸಾಹಸವನ್ನು ಹೊಗಳಿದಷ್ಟು ಈ ಪೆನ್ಸಿಲು-ಕಾಗದದ ಕೆಲಸವನ್ನು ಹೊಗಳಲಿಲ್ಲ. ಅದು ಅನ್ಯಾಯವೆಂದು ನನ್ನ ಎಣಿಕೆ. ಎದುರುಗಾಳಿ ಗಂಟೆಗೆ ೨೦ ಮೈಲಿ ಬೀಸಿತೆನ್ನಿ. ೮೫ರ ವೇಗ ನೆಲದ ಲೆಕ್ಕದಲ್ಲಿ ೬೫ಕ್ಕೆ ಇಳಿಯಿತು, ನಾಲ್ಕೂವರೆ ಗಂಟೆಯ ದಾರಿ ಆರು ಗಂಟೆಯದಾಯಿತು. ದಿಕ್ಸೂಚಿಯನ್ನು ಹಿಡಿಯುವುದರಲ್ಲಿ ಒಂದು ಡಿಗ್ರಿ ತಪ್ಪಿದರೆ ಅರುವತ್ತು ಮೈಲಿಗೆ ಒಂದು ಮೈಲಿ ದಾರಿ ತಪ್ಪುತ್ತದೆ. ಇದು ವೈಮಾನಿಕರ ಬಾಯಿಲೆಕ್ಕ. ಮುಂಬಯಿಯಿಂದ ಹೊರಟವನು ದಕ್ಷಿಣಕ್ಕೆ ಎರಡು ಡಿಗ್ರಿ ಜಾರಿದನೆಂದರೆ, ತನ್ನ ಬಲಕ್ಕೆ ಹುಮನಾಬಾದನ್ನು ಹುಡುಕುವ ಹೊತ್ತಿಗೆ ಚಿಟಗುಪ್ಪ-ಕೊಡಂಬಲ ಕಡೆಯ ತೊಗರಿ, ಜೋಳದ ಹೊಲಗಳು ಅವನ ರೆಕ್ಕೆಯ ಕೆಳಗಿರುತ್ತವೆ. ರೇಡಿಯೋ ಇಲ್ಲ. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ.

ಅಂದಿನ ಹಾರಾಟಗಾರರು ಇದಕ್ಕೆ ಕಂಡುಕೊಂಡ ಉಪಾಯ ರೈಲಿನ ಹಳಿ. ಮುಂಬಯಿಯಿಂದ ಸೋಲಾಪುರ, ಕಲಬುರಗಿ, ವಾಡಿಗಳ ಮೂಲಕ ಹೈದರಾಬಾದಿಗೆ ಹೋಗುವ ಹಳಿಯನ್ನು ಕೆಳಗೆ ಇಟ್ಟುಕೊಂಡು ಹೋದರೆ ದಾರಿ ತಪ್ಪುವ ಭಯ ಕಡಮೆ. ಆದರೆ ಅದು ೪೯೦ ಮೈಲಿಯ ಸುತ್ತು. ನೂರು ಮೈಲಿ ಹೆಚ್ಚು, ಒಂದು ಗಂಟೆಗಿಂತ ಹೆಚ್ಚಿನ ಪೆಟ್ರೋಲು. ವ್ಯಾಪಾರಿಗೆ ಇದು ನಷ್ಟ. ಹಾರಾಟದ ಗಂಟೆಗಳನ್ನು ಕೂಡಿಹಾಕಲು ಹೊರಟ ತರುಣನಿಗೆ ಮಾತ್ರ ಇದೇ ಲಾಭ! ಹಾರಾಟವನ್ನು ಕಸುಬಾಗಿ ಹಿಡಿಯಬೇಕೆಂದವನ ಬಂಡವಾಳವೆಂದರೆ ಅವನ ಲಾಗ್ ಪುಸ್ತಕದಲ್ಲಿ ಬರೆದ ಗಂಟೆಗಳು. ಊರ ನಿಲ್ದಾಣದ ಮೇಲೆ ಗಾಣದ ಎತ್ತಿನಂತೆ ಸುತ್ತಿ ಕೂಡಿಸಿದ ಗಂಟೆಯೂ ಗಂಟೆಯೇ. ಆದರೆ ಗೊತ್ತಿಲ್ಲದ ನಾಡಿನ ಮೇಲೆ, ಗೊತ್ತಿಲ್ಲದ ಗಾಳಿಯಲ್ಲಿ ಕಳೆದ ಗಂಟೆಯ ತೂಕ ಬೇರೆ.

ಈ ಮಾತಿಗೆ ೧೯೩೦ರ ಆಗಾಖಾನ್ ಬಹುಮಾನದ ಕಥೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಇಂಗ್ಲೆಂಡಿಗೂ ಇಂಡಿಯಾಕ್ಕೂ ನಡುವೆ, ಯಾವ ಕಡೆಯಿಂದಲಾದರೂ ಸರಿ, ಒಂದು ತಿಂಗಳೊಳಗೆ ಒಬ್ಬನೇ ಹಾರಿ ಮುಗಿಸಿದ ಮೊದಲ ಭಾರತೀಯನಿಗೆ ೫೦೦ ಪೌಂಡುಗಳನ್ನು ಕೊಡುವುದಾಗಿ ಆಗಾಖಾನರು ೧೯೨೯ರ ನವೆಂಬರಿನಲ್ಲಿ ಸಾರಿದರು. ಮೂವರು ಕಣಕ್ಕಿಳಿದರು. ಮನಮೋಹನ ಸಿಂಗ್ ತನ್ನ ಮಾತ್ ವಿಮಾನಕ್ಕೆ ‘ಮಿಸ್ ಇಂಡಿಯಾ’ ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕಂತೆ ಇವರು ಇಂಡಿಯಾವನ್ನು ‘ಮಿಸ್’ ಮಾಡಿಕೊಳ್ಳುವ ಸಂಭವವೇ ಹೆಚ್ಚೆಂದು ಇಂಗ್ಲೆಂಡಿನ ಪತ್ರಿಕೆಯೊಂದು ಗೇಲಿ ಮಾಡಿತಂತೆ. ಗೇಲಿ ಕ್ರೂರವಾದದ್ದು, ಆದರೆ ಯುರೋಪಿನ ಮಂಜಿನಲ್ಲಿ ದಾರಿ ತಪ್ಪಿ ಅವರು ಮತ್ತೆ ಮತ್ತೆ ಹಿಂದಿರುಗಬೇಕಾಯಿತೆಂಬುದೂ ನಿಜ. ಕೊನೆಗೆ ಇಂಡಿಯಾವನ್ನು ಮುಟ್ಟಿದರು. ಅಷ್ಟರಲ್ಲಿ ಅವಧಿ ಮೀರಿತ್ತು. ಈ ಮನುಷ್ಯನ ಧೈರ್ಯವನ್ನು ಸಂದೇಹಿಸುವಂತಿಲ್ಲ: ೧೯೪೨ರ ಮಾರ್ಚಿಯಲ್ಲಿ, ಯುದ್ಧದ ಕಾಲದಲ್ಲಿ, ಆಸ್ಟ್ರೇಲಿಯದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ಎರಗಿದಾಗ ಅವರು ಅಲ್ಲಿಯೇ ಪ್ರಾಣ ತೆತ್ತರು.

ಇನ್ನಿಬ್ಬರು ಜೆ. ಆರ್. ಡಿ. ಟಾಟಾ ಮತ್ತು ಆಸ್ಪಿ ಎಂಜಿನಿಯರ್. ಟಾಟಾ ೧೯೨೯ರ ಫೆಬ್ರವರಿಯಲ್ಲಿ ಈ ದೇಶದ ಒಂದನೆಯ ನಂಬರಿನ ಲೈಸೆನ್ಸು ಪಡೆದವರು. ೧೯೩೦ರ ಮೇ ೩ರಂದು ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಆಸ್ಪಿಗೆ ಆಗ ವಯಸ್ಸು ಹದಿನೇಳು. ಅವನು ಇಂಗ್ಲೆಂಡಿನಿಂದ ಪೂರ್ವಕ್ಕೆ ಬರುತ್ತಿದ್ದ. ಈಜಿಪ್ತಿನ ಅಬೂಕೀರಿನಲ್ಲಿ ಇಬ್ಬರೂ ಎದುರಾದರು. ಹುಡುಗ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಅಲ್ಲೇ ಕುಳಿತಿದ್ದ. ಟಾಟಾ ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ಗುಗಳನ್ನು ಅವನಿಗೆ ಕೊಟ್ಟರು. ಮೇ ೧೧ರಂದು ಆಸ್ಪಿ ಕರಾಚಿಯಲ್ಲಿ ಇಳಿದ. ಟಾಟಾ ಗುರಿ ಮುಟ್ಟುವುದಕ್ಕೆ ಕೆಲವೇ ಗಂಟೆಗಳ ಮುಂಚೆ. ಬಹುಮಾನ ಹುಡುಗನದಾಯಿತು.

ಟಾಟಾರ ಔದಾರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದದ್ದೇ. ಆದರೆ ಈ ಕಥೆ ಹೇಳುವವರು ಬಿಟ್ಟುಬಿಡುವ ಒಂದು ಸಂಗತಿಯುಂಟು. ಅದೇ ೧೯೩೦ರ ಮಾರ್ಚಿಯಲ್ಲಿ ಆಸ್ಪಿಯು ಆರ್. ಎನ್. ಚಾವ್ಲಾ ಎಂಬವರ ಜತೆಗೂಡಿ ಕರಾಚಿಯಿಂದ ಇಂಗ್ಲೆಂಡಿಗೆ ಹಾರಿ ಹೋಗಿದ್ದ. ಬಹುಮಾನದ ಹಾರಾಟಕ್ಕೆ ಹೊರಟಾಗ ಆ ದಾರಿಯ ಮರುಭೂಮಿ, ಸಮುದ್ರ, ನಿಲ್ದಾಣ, ಪೆಟ್ರೋಲು ಸಿಗುವ ತಾಣ ಎಲ್ಲವೂ ಅವನ ಲಾಗ್ ಪುಸ್ತಕದಲ್ಲಿ ಆಗಲೇ ಇದ್ದವು. ಗೆದ್ದದ್ದು ಹದಿನೇಳರ ಬಿಸಿ ರಕ್ತವಲ್ಲ, ಹಿಂದಿನ ತಿಂಗಳುಗಳ ಗಂಟೆಗಳು. ಸಿಕ್ಕಿಬಿದ್ದದ್ದು ಮಾತ್ರ ಚೀಲದಲ್ಲಿ ಇಟ್ಟುಕೊಳ್ಳದ ನಾಲ್ಕು ಪ್ಲಗ್ಗುಗಳ ದೆಸೆಯಿಂದ. ಈ ಹುಡುಗನೇ ೧೯೬೦ರಿಂದ ೧೯೬೪ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥನಾಗಿದ್ದ ಏರ್ ಮಾರ್ಷಲ್ ಎಂಜಿನಿಯರ್.

ಟಾಟಾ ಸೋತು ಸುಮ್ಮನೆ ಕೂರಲಿಲ್ಲ. ೧೯೩೨ರ ಅಕ್ಟೋಬರ್ ೧೫ರಂದು ಪುಸ್ ಮಾತ್ ವಿಮಾನದಲ್ಲಿ ಟಪಾಲಿನ ಚೀಲಗಳನ್ನಿಟ್ಟುಕೊಂಡು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ತಾವೇ ಹಾರಿಸಿ ತಂದರು. ಅಹಮದಾಬಾದಿನಲ್ಲಿ ಪೆಟ್ರೋಲು ಬಂದದ್ದು ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ. ಮುಂಬಯಿಯಿಂದ ಮುಂದಕ್ಕೆ ಚೀಲಗಳನ್ನು ಒಯ್ದವರು ನೆವಿಲ್ ವಿನ್ಸೆಂಟ್. ಬಳ್ಳಾರಿಯಲ್ಲಿ ರಾತ್ರಿ ತಂಗಿ ಮದರಾಸಿಗೆ. ಹೀಗೆ ಕನ್ನಡ ನೆಲದ ಮೇಲೆ ಗೊತ್ತಾದ ವೇಳೆಗೆ ಇಳಿದು ಏಳುವ ಟಪಾಲು ವಿಮಾನವನ್ನು ಮೊದಲು ಕಂಡ ಭಾಗ್ಯ ಬಳ್ಳಾರಿಯದು. ಕೆಲವು ವರ್ಷಗಳಲ್ಲಿ ಬಳ್ಳಾರಿಯ ಬದಲು ಹೈದರಾಬಾದು ತಂಗುದಾಣವಾಯಿತು. ಆಗಲೇ ಮೊದಲು ಹೇಳಿದ ನಮ್ಮ ಗೆರೆಗೆ ಜೀವ ಬಂದದ್ದು. ಈ ಸೇವೆಯ ಮೊದಲ ಪೂರ್ಣ ವರ್ಷದಲ್ಲಿ ೧,೬೦,೦೦೦ ಮೈಲಿಗಳ ಹಾರಾಟ ನಡೆಯಿತು. ನಿಲ್ದಾಣದಲ್ಲಿ ದೀಪವಿಲ್ಲ, ವಿಮಾನದಲ್ಲಿ ರೇಡಿಯೋ ಇಲ್ಲ. ಆದರೂ ಟಪಾಲು ವೇಳೆ ತಪ್ಪಲಿಲ್ಲವೆಂದು ಸರಕಾರದ ವಿಮಾನ ಇಲಾಖೆಯೇ ಮೆಚ್ಚಿ ಬರೆಯಿತು.

ನೇರ ಗೆರೆ ಹಿಡಿದವನಿಗೆ ಉಸ್ಮಾನಾಬಾದಿನಿಂದ ಈಚೆಗೆ ಅನುಸರಿಸಲು ಹಳಿಯಿರಲಿಲ್ಲ. ಕಲ್ಯಾಣದ ಕೋಟೆ, ತ್ರಿಪುರಾಂತಕ ಕೆರೆಯ ಹೊಳಪು, ಸೋಲಾಪುರ-ಹೈದರಾಬಾದು ಹೆದ್ದಾರಿ, ಅದರ ಮೇಲೆ ಹುಮನಾಬಾದು: ನೆಚ್ಚಬಹುದಾದ ಗುರುತುಗಳು ಇಷ್ಟೇ. ಕಾರಂಜಾ ಜಲಾಶಯ ಆಗ ಇನ್ನೂ ಇರಲಿಲ್ಲ. ನೆಲದ ಮೇಲಿನವರಿಗೆ ಅದು ಮೇಲೆ ಗುಂಯ್‌ಗುಟ್ಟುತ್ತ ಹೋದ ಒಂದು ಹಕ್ಕಿ. ಮೇಲಿನವನಿಗೆ ಕಲ್ಯಾಣವೆಂದರೆ ಗಡಿಯಾರ ನೋಡಿ ವೇಳೆ ಬರೆದುಕೊಳ್ಳುವ, ಇನ್ನು ನೂರು ಮೈಲಿಗೆ ಪೆಟ್ರೋಲು ಉಂಟೇ ಎಂದು ಮತ್ತೊಮ್ಮೆ ಎಣಿಸುವ ತಾಣ.

ಮೈಸೂರಿನ ಕಡೆ ಈ ವಿದ್ಯೆಗೆ ಶಾಲೆಯಾದದ್ದು ೧೯೪೮ರಲ್ಲಿ, ಬೆಂಗಳೂರಿನ ಜಕ್ಕೂರಿನಲ್ಲಿ, ಮಹಾರಾಜರು ಕೊಟ್ಟ ನೆಲದ ಮೇಲೆ. ಅದರ ಮೊದಲ ಮುಖ್ಯಸ್ಥರು ವಿ. ಸುಂದರಂ. ಅವರ ಪತ್ನಿ ಉಷಾ ಸುಂದರಂ ೧೯೪೯ರಲ್ಲಿ ಆ ಶಾಲೆಯಿಂದಲೇ ತೇರ್ಗಡೆಯಾದರು. ೧೯೫೧ರಲ್ಲಿ ಮದರಾಸು ಸರಕಾರಕ್ಕಾಗಿ ಕೊಂಡ ಡವ್ ವಿಮಾನವನ್ನು ದಂಪತಿಗಳು ಇಂಗ್ಲೆಂಡಿನಿಂದ ೨೭ ಗಂಟೆಗಳ ಹಾರಾಟದಲ್ಲಿ ತಂದರು. ಆಸ್ಪಿಗೆ ವಾರಗಳು ಹಿಡಿದಿದ್ದ ದಾರಿ ಅದು! ೧೯೫೧ರ ಆಗಸ್ಟಿನಲ್ಲಿಯೇ ಬೆಂಗಳೂರಿನ ಹಿಂದುಸ್ಥಾನ್ ಕಾರಖಾನೆಯಲ್ಲಿ ಡಾ. ಘಾಟಗೆಯವರು ರೂಪಿಸಿದ ಎಚ್. ಟಿ.-೨ ಮೊದಲ ಸಲ ಮೇಲೆದ್ದಿತು; ೧೯೫೮ರ ಸೆಪ್ಟೆಂಬರಿನಲ್ಲಿ ಫ್ಲೈಯಿಂಗ್ ಕ್ಲಬ್ಬುಗಳ ಹುಡುಗರಿಗಾಗಿ ೯೦ ಕುದುರೆಬಲದ ಪುಷ್ಪಕ. ರಾವಣನ ಪುಷ್ಪಕದಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತೆನ್ನುತ್ತಾರೆ. ಇದರಲ್ಲಿ ಇಬ್ಬರಿಗೆ ಮಾತ್ರ, ಅದೂ ಭುಜಕ್ಕೆ ಭುಜ ತಾಗಿಸಿಕೊಂಡು.

ಎಚ್. ಟಿ.-೨ ನಮ್ಮ ಸೀಮೆಗೂ ಬಂತು. ಬೀದರಿನ ನಿಲ್ದಾಣ ೧೯೪೨ರ ಯುದ್ಧಕಾಲದ್ದು. ೧೯೪೮ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು ನಿಜಾಮನಿಗೆ ಕರಾಚಿಯಿಂದ ಕಳ್ಳತನದಲ್ಲಿ ಆಯುಧ ಸಾಗಿಸಿದಾಗ ಅವನ ದೊಡ್ಡ ವಿಮಾನಗಳು ಇಳಿದ ತಾಣಗಳಲ್ಲಿ ಅದೂ ಒಂದು; ಆ ಕಥೆ ಬೇರೆ. ೧೯೬೩ರಿಂದ ಅಲ್ಲಿ ವಾಯುಪಡೆಯ ತರಬೇತಿ ನೆಲೆಯೂರಿತು. ವರ್ಷಗಟ್ಟಲೆ ಎಳೆಯ ಹುಡುಗರು ಆ ಪುಟ್ಟ ವಿಮಾನಗಳಲ್ಲಿ ತಮ್ಮ ಮೊದಲ ಗಂಟೆಗಳನ್ನು ಕೂಡಿಸಿದ್ದು ಬೀದರು ಜಿಲ್ಲೆಯ ಹೊಲಗಳ ಮೇಲೆಯೇ.

ಇಂದು ಈ ದೇಶದಲ್ಲಿ ವ್ಯಾಪಾರಿ ವೈಮಾನಿಕನ ಲೈಸೆನ್ಸಿಗೆ ೨೦೦ ಗಂಟೆಗಳ ಹಾರಾಟ ಬೇಕು. ಅದರಲ್ಲಿ ೧೦೦ ಗಂಟೆ ತಾನೇ ನಾಯಕನಾಗಿ. ೨೦ ಗಂಟೆ ಊರು ಬಿಟ್ಟು ಊರಿಗೆ. ಒಂದು ಹಾರಾಟವಂತೂ ೩೦೦ ನಾಟಿಕಲ್ ಮೈಲಿಗೆ ಕಡಮೆಯಿಲ್ಲದೆ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ನಿಂತು. ನಮ್ಮ ಗೆರೆಯ ಉದ್ದ ಆ ಲೆಕ್ಕದಲ್ಲಿ ೩೩೬. ಪರೀಕ್ಷೆಗೆ ಸಾಲುವುದಲ್ಲದೆ ಮೂವತ್ತಾರು ಮೈಲಿ ಮಿಕ್ಕುತ್ತದೆ. ಕಿಸೆಯ ಯಂತ್ರವೇ ಈಗ ಇರುವ ಜಾಗವನ್ನು ತೋರಿಸುತ್ತದೆ. ಆದರೂ ಅರುವತ್ತಕ್ಕೆ ಒಂದರ ಆ ಹಳೆಯ ಲೆಕ್ಕವನ್ನು ವಿದ್ಯಾರ್ಥಿಗಳು ಕಲಿಯಲೇಬೇಕು.

ಗೆರೆ ಹಿಡಿದು ಬರುವವನಿಗೆ ಈಗೊಂದು ಹೊಸ ಗುರುತೂ ದೊರೆತಿದೆ. ೨೦೧೭ರ ಅಕ್ಟೋಬರಿನಲ್ಲಿ ಬೀದರು-ಕಲಬುರಗಿ ರೈಲುದಾರಿ ಉದ್ಘಾಟನೆಯಾಯಿತು. ಹುಮನಾಬಾದಿಗೂ ಬೀದರಿಗೂ ನಡುವೆ ಅದು ನಮ್ಮ ಗೆರೆಯನ್ನು ಅಡ್ಡಹಾಯುತ್ತದೆ. ಟಾಟಾರ ವೈಮಾನಿಕರಿಗೆ ಸಿಗದಿದ್ದ ಹಳಿ ಕೊನೆಗೂ ಅಲ್ಲಿದೆ. ಆದರೆ ಅದರ ಮೇಲಿನ ಆಕಾಶವನ್ನು ಹೊಗುವ ಮುಂಚೆ ಈಗ ಬೀದರಿನ ವಾಯುಪಡೆಯವರನ್ನು ಕೇಳಬೇಕು.