ಯಹೂದಿ ಧರ್ಮ, ವಿಜ್ಞಾನ ಮತ್ತು ಜೀವರಕ್ಷೆ

ಧರ್ಮವು ಶ್ರದ್ಧೆಯನ್ನೂ ವಿಜ್ಞಾನವು ಸಂದೇಹವನ್ನೂ ಆಶ್ರಯಿಸಿರುವುದರಿಂದ ಅವೆರಡೂ ಒಂದೇ ಮನಸ್ಸಿನಲ್ಲಿ ನೆಲೆಸಲಾರವೆಂದು ಹೇಳುವವರುಂಟು. ಕನ್ನಡ ನಾಡನ್ನು ಕಂಗೆಡಿಸಿದ ಪ್ಲೇಗಿನ ಇತಿಹಾಸವು ಈ ಮಾತನ್ನು ಒಪ್ಪುವುದಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿಯು 1898ರ ವೇಳೆಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯ ಆಚೆಯ ದಡವೇ ಧಾರವಾಡ ಜಿಲ್ಲೆ. ಇಲಿ ಸತ್ತು ಬಿದ್ದೊಡನೆ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದೊಂದೇ ಅಂದಿನ ಜನರಿಗೆ ತಿಳಿದಿದ್ದ ಉಪಾಯವಾಗಿತ್ತು. ಮತ್ತೊಂದು ಉಪಾಯವನ್ನು ತಂದವರು ವಾಲ್ಡೆಮರ್ ಹಾಫ್‌ಕಿನ್ ಎಂಬ ಯಹೂದಿ ವಿಜ್ಞಾನಿ.

1860ರಲ್ಲಿ ಒಡೆಸ್ಸಾ ನಗರದಲ್ಲಿ ಜನಿಸಿದ ಹಾಫ್‌ಕಿನ್ನರಿಗೆ ರಷ್ಯಾದಲ್ಲಿ ಯಹೂದಿಯಾಗಿಯೇ ಉಳಿದು ಉನ್ನತ ಪದವಿ ಪಡೆಯುವುದು ಸಾಧ್ಯವಿರಲಿಲ್ಲ. ಮತಾಂತರವನ್ನು ನಿರಾಕರಿಸಿದ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. 1892ರಲ್ಲಿ ಕಾಲರಾ ಲಸಿಕೆಯನ್ನೂ 1897ರ ಜನವರಿ 10ರಂದು ಮುಂಬಯಿಯಲ್ಲಿ ಪ್ಲೇಗು ಲಸಿಕೆಯನ್ನೂ ಮೊದಲು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡು ಪರೀಕ್ಷಿಸಿದರು. 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನರು ಆ ಲಸಿಕೆಯನ್ನು ಪಡೆದರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದಾಗ ಅಪವಾದವು ಅವರ ಮೇಲೆ ಬಂದಿತು. 1907ರಲ್ಲಿ ಅವರು ನಿರ್ದೋಷಿಯೆಂದು ತಿಳಿದುಬಂದಿತು. ಅವರು ಸ್ಥಾಪಿಸಿದ ಮುಂಬಯಿಯ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರನ್ನೇ ಇಡಲಾಯಿತು.

ವಿಜ್ಞಾನವು ಅವರನ್ನು ಧರ್ಮದಿಂದ ದೂರ ಒಯ್ಯಲಿಲ್ಲ. 1916ರಲ್ಲಿ ಅವರು ಯಹೂದಿ ಸಂಪ್ರದಾಯನಿಷ್ಠೆಯನ್ನು ಸಮರ್ಥಿಸಿ ಲೇಖನವೊಂದನ್ನು ಬರೆದರು. 1930ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಪತ್ತನ್ನು ಪೂರ್ವ ಯುರೋಪಿನ ಧಾರ್ಮಿಕ ವಿದ್ಯಾಲಯಗಳಿಗೆ ಮೀಸಲಿಟ್ಟರು. ಪ್ರಾಣವನ್ನು ಉಳಿಸುವ ಸಂದರ್ಭದಲ್ಲಿ ಸಬ್ಬತ್ ದಿನದ ನಿಯಮವೂ ಆಹಾರದ ನಿಯಮವೂ ಬದಿಗೆ ಸರಿಯಬೇಕೆಂಬುದು ಯಹೂದಿ ಧರ್ಮಶಾಸ್ತ್ರದ ಮತ. 12ನೆಯ ಶತಮಾನದ ಮೈಮೊನಿಡೀಸರು ಶಾಸ್ತ್ರಜ್ಞರೂ ವೈದ್ಯರೂ ಆಗಿದ್ದುದು ಆ ಪರಂಪರೆಗೆ ಸಹಜವೇ ಆಗಿತ್ತು.

ಇಲ್ಲಿ ಅಹಿಂಸಾವ್ರತಿಗಳಿಗೆ ಒಂದು ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಹಾಫ್‌ಕಿನ್ನರ ಪ್ಲೇಗು ಲಸಿಕೆಯ ರೋಗಾಣುಗಳನ್ನು ಬೆಳೆಸಿದ್ದು ಮಾಂಸದ ರಸದಲ್ಲಿ. ಭಾರತೀಯರ ಭಾವನೆಗೆ ನೋವಾಗದಿರಲೆಂದು ಅವರು ಗೋಮಾಂಸವನ್ನು ಬಿಟ್ಟು ಆಡಿನ ಮಾಂಸವನ್ನು ಬಳಸಿದರು. ಆದರೆ ಜೈನ ಶ್ರಾವಕನಿಗೆ ಆಡೂ ಒಂದು ಜೀವವೇ. ಮನೆಯ ಮಗುವಿನ ಪ್ರಾಣವೋ, ಕುಲದ ವ್ರತವೋ?

ಈ ಪ್ರಶ್ನೆಯು ನಮ್ಮ ನಾಡಿಗೆ ಹೊಸದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನವು ಹೇಳುತ್ತದೆ. ಅವನ ಗುರುಗಳೆಂದು ಪರಂಪರೆಯು ನೆನೆಯುವ ಪೂಜ್ಯಪಾದರು ವ್ಯಾಕರಣದಂತೆ ವೈದ್ಯಕ್ಕೂ ಹೆಸರಾದವರು. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಔಷಧಕ್ಕೆ ಮಾಂಸವು ಬೇಕಿಲ್ಲವೆಂದು ವಾದಿಸಿದರು. ಅವರು ವೈದ್ಯವನ್ನು ತ್ಯಜಿಸಲಿಲ್ಲ. ಹಿಂಸೆಯಿಲ್ಲದ ವೈದ್ಯವನ್ನು ಅರಸಿದರು.

ವಿಜ್ಞಾನವೂ ಕಾಲಕ್ರಮದಲ್ಲಿ ಆ ದಿಕ್ಕಿನಲ್ಲಿ ನಡೆಯಿತು. ಹಾಫ್‌ಕಿನ್ ಸಂಸ್ಥೆಯ ಸಾಹಿಬ್ ಸಿಂಗ್ ಸೋಖಿ ಹಾಗೂ ಅವರ ಸಹೋದ್ಯೋಗಿಗಳು ಮಾಂಸದ ರಸಕ್ಕೆ ಬದಲಾಗಿ ಹಾಲಿನ ಕೇಸೀನಿನಿಂದ ಸಿದ್ಧಪಡಿಸಿದ ದ್ರವದಲ್ಲಿ ಪ್ಲೇಗು, ಕಾಲರಾ ಲಸಿಕೆಗಳನ್ನು ತಯಾರಿಸುವ ವಿಧಾನವನ್ನು 1950ರಲ್ಲಿ ಪ್ರಕಟಿಸಿದರು.

ಯಹೂದಿ ಶಾಸ್ತ್ರವು ಜೀವವುಳಿಸಲು ನಿಯಮವನ್ನು ಸಡಿಲಿಸುತ್ತದೆ. ಜೈನ ಶಾಸ್ತ್ರವು ಜೀವವುಳಿಸುವ ಮಾರ್ಗವೂ ನಿರ್ಮಲವಾಗಿರಲೆಂದು ಬಯಸುತ್ತದೆ. ಮೊದಲನೆಯದು ಆಪತ್ತಿನ ದಿನಕ್ಕೆ ಬೇಕು. ಎರಡನೆಯದು ಆಪತ್ತು ಕಳೆದ ಮೇಲೂ ಮರೆಯದೆ ಕೇಳಬೇಕಾದ ಪ್ರಶ್ನೆ. ಔಷಧಾಲಯಗಳನ್ನು ನಡೆಸುವ ಬಸದಿಯ ಸಮಿತಿಗಳು ಔಷಧದಾನದಲ್ಲಿ ಇವೆರಡನ್ನೂ ಸ್ಮರಿಸುವುದು ಉಚಿತ. ರೋಗಿಯನ್ನು ಕಾಯಿಸಬಾರದು, ಪ್ರಶ್ನೆಯನ್ನೂ ಕೈಬಿಡಬಾರದು.