ಕಾಗದದ ಗೃಹಬಳಕೆ ವಸ್ತುಗಳಿಗೆ ಮರುಬಳಕೆಯ ಪರ್ಯಾಯಗಳು

ಒಮ್ಮೆ ಬಳಸಿ ಎಸೆಯುವ ಕಾಗದದ ಟವೆಲ್, ಟಿಶ್ಯೂ, ನ್ಯಾಪ್‌ಕಿನ್, ಕಾಫಿ ಸೋಸುವ ಕಾಗದ ಮತ್ತು ಮರದ ತಿರುಳಿನಿಂದ ತಯಾರಾಗುವ ಡೈಪರ್, ಮುಟ್ಟಿನ ಪ್ಯಾಡ್ ಮೊದಲಾದವುಗಳ ಬದಲಿಗೆ, ತೊಳೆದು ಅನೇಕ ಬಾರಿ ಬಳಸಬಹುದಾದ ಬಟ್ಟೆ ಹಾಗೂ ಲೋಹದ ವಸ್ತುಗಳನ್ನು ಮರುಬಳಕೆಯ ಪರ್ಯಾಯಗಳು ಎನ್ನಲಾಗುತ್ತದೆ. ಇವು ಕಸವನ್ನು ಕಡಿಮೆ ಮಾಡುತ್ತವೆ ಎಂಬುದರಲ್ಲಿ ವಿವಾದವಿಲ್ಲ. ಒಟ್ಟು ಪರಿಸರದ ದೃಷ್ಟಿಯಿಂದ ಎಷ್ಟು ಲಾಭ ಎಂಬುದು ಮಾತ್ರ ಅವುಗಳನ್ನು ಹೇಗೆ ತೊಳೆದು ಒಣಗಿಸಲಾಗುತ್ತದೆ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಇಲ್ಲಿ ‘ಪರ್ಯಾಯ’ ಎಂಬ ಪದ ಇತಿಹಾಸವನ್ನು ತಲೆಕೆಳಗು ಮಾಡುತ್ತದೆ. ಬಟ್ಟೆಯೇ ಮೊದಲಿತ್ತು, ಕಾಗದ ಅದರ ಜಾಗಕ್ಕೆ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗಳಿಗೆ ಹತ್ತಿಯ ಬದಲು ಬಳಸಿದ ಮರದ ತಿರುಳಿನ ಮೆತ್ತೆಗೆ ಯುದ್ಧಾನಂತರ ಹೊಸ ಮಾರುಕಟ್ಟೆ ಬೇಕಾಯಿತು. ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಕಂಪನಿ ಅದರಿಂದ 1920ರಲ್ಲಿ ಕೋಟೆಕ್ಸ್ ಪ್ಯಾಡನ್ನೂ 1924ರಲ್ಲಿ ಕ್ಲೀನೆಕ್ಸ್ ಟಿಶ್ಯೂವನ್ನೂ ಹೊರತಂದಿತು. ಕ್ಲೀನೆಕ್ಸ್ ಮೊದಲಿಗೆ ಮುಖದ ಕ್ರೀಮ್ ಒರೆಸುವ ಹಾಳೆಯಾಗಿತ್ತು. ಜನರು ಅದರಲ್ಲಿ ಮೂಗು ಒರೆಸಿಕೊಳ್ಳತೊಡಗಿದ ಮೇಲೆ 1930ರ ದಶಕದಲ್ಲಿ ಕರವಸ್ತ್ರದ ಬದಲಿ ಎಂದೇ ಅದರ ಪ್ರಚಾರ ನಡೆಯಿತು.

ಅಡುಗೆಮನೆಯಲ್ಲಿ

ಕರ್ನಾಟಕದ ಮನೆಗಳಲ್ಲಿ ಬಿಸಿ ಪಾತ್ರೆ ಇಳಿಸಲು ಮತ್ತು ಒಲೆಕಟ್ಟೆ ಒರೆಸಲು ಬಳಸುವ ಮಸಿಬಟ್ಟೆ ಸಾಮಾನ್ಯವಾಗಿ ಹಳೆಯ ಪಂಚೆ ಅಥವಾ ಸೀರೆಯ ತುಂಡು. ಪಲ್ಯಕ್ಕೆ ಸೊಪ್ಪು ಹರಡಲು, ಹಿಟ್ಟು ಮುಚ್ಚಿಡಲು ಬೇರೆ ಶುಭ್ರ ಬಟ್ಟೆಗಳಿರುತ್ತವೆ. ದೋಸೆ ಕಾವಲಿಗೆ ಎಣ್ಣೆ ಸವರಲು ಅರ್ಧ ಹೆಚ್ಚಿದ ಈರುಳ್ಳಿ ಸಾಕಾಗುತ್ತದೆ. ಊಟವಾದ ಮೇಲೆ ನೀರಿನಲ್ಲಿ ಕೈ ತೊಳೆಯುವ ರೂಢಿಯಿರುವಲ್ಲಿ ಕಾಗದದ ನ್ಯಾಪ್‌ಕಿನ್‌ಗೆ ಹೆಚ್ಚು ಕೆಲಸವಿಲ್ಲ. ಸ್ವೀಡನ್‌ನಲ್ಲಿ 1949ರಲ್ಲಿ ಕರ್ಟ್ ಲಿಂಡ್‌ಕ್ವಿಸ್ಟ್ ರೂಪಿಸಿದ, ಸೆಲ್ಯುಲೋಸ್ ಮತ್ತು ಹತ್ತಿ ಸೇರಿದ ಒರೆಸುಬಟ್ಟೆ ಈಗ ಹಲವು ದೇಶಗಳಲ್ಲಿ ಕಾಗದದ ಟವೆಲ್‌ಗೆ ಬದಲಾಗಿ ಮಾರಾಟವಾಗುತ್ತದೆ.

ಕರಿದ ತಿಂಡಿಯ ಎಣ್ಣೆ ಬಸಿಯಲು ಜಾಲರಿ ಅಥವಾ ತೂತಿನ ತಟ್ಟೆ ಸಾಕು. ಟಿಶ್ಯೂ ಬೇಡವೆಂದು ಹಳೆಯ ಪತ್ರಿಕೆಯ ಮೇಲೆ ಬೋಂಡಾ ಹರಡುವುದು ಇಲ್ಲಿ ಹೇಳುವ ಪರ್ಯಾಯವಲ್ಲ. ಮುದ್ರಣದ ಶಾಯಿ ಆಹಾರಕ್ಕೆ ಸೇರುವ ಕಾರಣ ಭಾರತದ 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನೂ ಇಡುವುದನ್ನೂ ನಿಷೇಧಿಸಿವೆ.

ಕಾಫಿ ಸೋಸುವ ಕಾಗದವನ್ನು 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಮೆಲಿಟಾ ಬೆಂಟ್ಸ್ ರೂಪಿಸಿದರು. ಮಗನ ಶಾಲೆಯ ಪುಸ್ತಕದ ಒತ್ತುಕಾಗದದಿಂದ ಅವರು ಮೊದಲ ಪ್ರಯೋಗ ನಡೆಸಿದರು. ದಕ್ಷಿಣ ಭಾರತದ ಹಿತ್ತಾಳೆ ಅಥವಾ ಸ್ಟೀಲಿನ ಎರಡಂಕಣದ ಫಿಲ್ಟರಿಗೆ ಇಂಥ ಕಾಗದವೇ ಬೇಕಿಲ್ಲ. ಕೆಲವು ಮನೆಗಳಲ್ಲಿ ಡಿಕಾಕ್ಷನ್ ಸೋಸಲು ತೆಳುಬಟ್ಟೆಯೂ ಬಳಕೆಯಲ್ಲಿದೆ. ಆದರೆ ಈ ಹೋಲಿಕೆಯಲ್ಲಿ ಕಾಗದಕ್ಕೂ ಒಂದು ಅನುಕೂಲವಿದೆ. ರಕ್ತದ ಕೊಲೆಸ್ಟೆರಾಲ್ ಹೆಚ್ಚಿಸುವ ಕಾಫೆಸ್ಟಾಲ್, ಕಾಹ್ವಿಯಾಲ್ ಎಂಬ ಜಿಡ್ಡಿನ ಅಂಶಗಳನ್ನು ಅದು ಬಹುಪಾಲು ತಡೆಯುತ್ತದೆ. ಲೋಹದ ಜಾಲರಿ ಅಷ್ಟು ತಡೆಯುವುದಿಲ್ಲ.

ಪರಿಸರದ ಲೆಕ್ಕ

ಬಳಸಿದ ಟಿಶ್ಯೂವನ್ನು ಮತ್ತೆ ಕಾಗದವಾಗಿಸುವುದು ಕಷ್ಟ. ಅದರ ನಾರು ಗಿಡ್ಡವಾಗಿರುತ್ತದೆ, ಮೇಲಾಗಿ ಅದು ಕೊಳೆಯಾಗಿರುತ್ತದೆ. ಇತ್ತ ಹತ್ತಿಯೂ ಅಗ್ಗದ ಸಂಪನ್ಮೂಲವಲ್ಲ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರಿದೆ. ಆದ್ದರಿಂದ ಕಾಗದ ಬಿಡುವ ಉದ್ದೇಶದಿಂದ ಹೊಸ ಬಟ್ಟೆಯ ಕಟ್ಟು ಕೊಳ್ಳುವುದಕ್ಕಿಂತ ಮನೆಯಲ್ಲಿರುವ ಹಳೆಯ ಬಟ್ಟೆಯನ್ನು ಕತ್ತರಿಸಿಕೊಳ್ಳುವುದೇ ಹೆಚ್ಚು ಉಳಿತಾಯದ ದಾರಿ.

ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಡೈಪರ್ ಅಧ್ಯಯನ ಈ ವಿಷಯದಲ್ಲಿ ಸ್ಪಷ್ಟ ಚಿತ್ರ ಕೊಡುತ್ತದೆ. ಒಂದು ಮಗುವಿನ ಮೊದಲ ಎರಡೂವರೆ ವರ್ಷಗಳಿಗೆ ಬಿಸಾಡುವ ಡೈಪರ್‌ಗಳಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹಸಿರುಮನೆ ಅನಿಲ ಹೊರಬೀಳುತ್ತದೆ. ಸರಾಸರಿ ರೀತಿಯಲ್ಲಿ ತೊಳೆದ ಬಟ್ಟೆಯ ಲಂಗೋಟಿಗಳ ಲೆಕ್ಕ ಸುಮಾರು 570 ಕಿಲೋ, ಅಂದರೆ ತುಸು ಹೆಚ್ಚೇ. ಆದರೆ ಯಂತ್ರ ತುಂಬುವಷ್ಟು ಬಟ್ಟೆಯನ್ನು ಒಟ್ಟಿಗೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಬಳಸಿದರೆ ಸುಮಾರು 200 ಕಿಲೋ ಉಳಿಯುತ್ತದೆ. ಒಣಗಿಸುವ ಯಂತ್ರವನ್ನೇ ಸದಾ ಬಳಸಿದರೆ ಬಟ್ಟೆಯೇ ಹೆಚ್ಚು ಹಾನಿಕರವಾಗುತ್ತದೆ. ಈ ಅಂಕಿಗಳು ಬ್ರಿಟನ್ನಿನ ಹವಾಮಾನ ಮತ್ತು ಒಗೆಯುವ ಕ್ರಮಕ್ಕೆ ಸೇರಿದವು. ಕೈಯಲ್ಲಿ ಒಗೆದು ಬಿಸಿಲಿಗೆ ಹರಡುವ ಮನೆಗಳಿಗೆ ಅವನ್ನು ಯಥಾವತ್ತಾಗಿ ಅನ್ವಯಿಸಲಾಗದು.

ಸ್ವಚ್ಛತೆ

ಒದ್ದೆಯಾಗಿಯೇ ಉಳಿಯುವ ಅಡುಗೆಮನೆಯ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಹಸಿ ಮಾಂಸ, ಮೀನು ಇಟ್ಟ ಜಾಗವನ್ನು ಒರೆಸಿದ ಬಟ್ಟೆಯನ್ನು ತೊಳೆಯದೆ ಬೇರೆ ಕೆಲಸಕ್ಕೆ ಬಳಸುವುದು ಅಪಾಯಕರ. ಕುದಿಯುವ ನೀರಿನಲ್ಲಿ ಹಾಕಿ ತೆಗೆಯುವುದು, ಬಿಸಿಲಿನಲ್ಲಿ ಪೂರ್ಣ ಒಣಗಿಸುವುದು ಸುಲಭ ಪರಿಹಾರಗಳು. ಬಟ್ಟೆ ಮೆದುಗೊಳಿಸುವ ದ್ರವಗಳು ನಾರಿನ ಮೇಲೆ ಪದರ ಕಟ್ಟಿ ಹೀರುವ ಗುಣವನ್ನು ಕುಗ್ಗಿಸುತ್ತವೆ. ನೆಗಡಿ ಇದ್ದಾಗ ಒಂದೇ ಕರವಸ್ತ್ರವನ್ನು ಇಡೀ ದಿನ ಬಳಸದೆ ಬದಲಿಸುತ್ತಿರಬೇಕು.

ಮುಟ್ಟಿನ ಬಟ್ಟೆಯ ವಿಷಯದಲ್ಲಿ ಸಮಸ್ಯೆ ಬಟ್ಟೆಯದ್ದಲ್ಲ, ಒಣಗಿಸುವ ಜಾಗದ್ದು. ನಾಚಿಕೆಯಿಂದ ಅದನ್ನು ಕತ್ತಲೆ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹರಡುವ ಮನೆಗಳಲ್ಲಿ ಅದು ಸರಿಯಾಗಿ ಒಣಗುವುದಿಲ್ಲ. ಸಾಬೂನು, ಸಾಕಷ್ಟು ನೀರು ಮತ್ತು ಮುಜುಗರವಿಲ್ಲದೆ ಬಿಸಿಲಿಗೆ ಹಾಕುವ ಅವಕಾಶ ಇರುವಲ್ಲಿ ಹತ್ತಿ ಬಟ್ಟೆ ಸುರಕ್ಷಿತವಾಗಿಯೇ ಬಳಕೆಗೆ ಬರುತ್ತದೆ. ಇವು ಇಲ್ಲದೆಡೆ ಬಿಸಾಡುವ ಪ್ಯಾಡನ್ನು ಆಯ್ದುಕೊಳ್ಳುವವರನ್ನು ಪರಿಸರದ ಹೆಸರಿನಲ್ಲಿ ದೂರುವುದು ಸಲ್ಲದು.